ರಂಜಾನ್ ಟೂರ್ನಮೆಂಟಿನ ಮೂವತ್ತೆಂಟು ಪಾಯಿಂಟ್

ವೆಲಿಟಾ ಬಾಯಿಗೆ ಮ್ಯಾನೇಜರ್ ಫಾರಿಸ್‌ನ ಮುಖ ಕಂಡರೆ ಆಗುತ್ತಿರಲಿಲ್ಲ. ಅವನಿಗೂ ಅಷ್ಟೇ. ದುಬೈಯ ಆ ಬಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಹದಿಮೂರು ವರ್ಷದಿಂದ ಯಾರು ಎಷ್ಟು ಹೊಡೆದ, ಎಷ್ಟು ತಪ್ಪಿದ ಎಂದು ಬರೆಯುತ್ತಿದ್ದ ಮಂಗಳೂರಿನ ಹೆಂಗಸು, ಎರಡು ವರ್ಷದ ಹಿಂದೆ ಬಂದ ಈ ಉಳ್ಳಾಲದ ಹುಡುಗನಿಂದ ಆಟ ಕಲಿಯಬೇಕೇ? ಥೂ!

2016ರ ರಂಜಾನ್ ಕಳೆದ ಮೇಲೆ ಕ್ಲಬ್ಬಿಗೆ ಬಾಸ್ಕೆಟ್ ಕೆಳಗೆ ನಿಲ್ಲುವ ಎತ್ತರದ ಆಟಗಾರನೊಬ್ಬ ಬೇಕಾಯಿತು. ಅಬುಧಾಬಿಯ ಕ್ಲಬ್ಬು ಕೊಡಲು ತಯಾರಿತ್ತು, ಆದರೆ ಬದಲಿಗೆ ಇಲ್ಲಿಂದ ಒಬ್ಬ ಹೋಗಬೇಕು. ಫಾರಿಸ್ ಕೊಡಹೊರಟದ್ದು ರೇಮಂಡನನ್ನು! ಫಿಲಿಪ್ಪೀನ್ಸಿನ ಆ ಕುಳ್ಳ ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಪಾರ್ಕಿಂಗಿನಲ್ಲಿ ಆಡುತ್ತಿದ್ದಾಗ ಕಂಡುಹಿಡಿದು ತಂದವಳು ವೆಲಿಟಾ. ಅವನನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ನಾಲ್ಕು ಶುಕ್ರವಾರ ಬಸ್ಸು ಹತ್ತಿ ಅಬುಧಾಬಿಗೆ ಹೋಗಿ, ಅಲ್ಲಿ ಆಡಲು ಸಿಗದೆ ಬೆಂಚು ಕಾಯುತ್ತಿದ್ದ ಮೂವರು ಎತ್ತರದವರ ಹೆಸರು ಬರೆದು ತಂದಳು. ಬೆಂಚಿನವರನ್ನು ಆ ಕ್ಲಬ್ಬು ಬದಲಿ ಕೇಳದೆಯೇ ಬಿಡುತ್ತಿತ್ತು; ಅವರಲ್ಲಿ ಯಾರನ್ನು ತಂದರೂ ರೇಮಂಡನನ್ನು ಕಳೆದುಕೊಳ್ಳಬೇಕಾಗಿರಲಿಲ್ಲ.

ಫಾರಿಸ್ ಹಾಳೆಯನ್ನು ಬದಿಗೆ ತಳ್ಳಿದ. "ಇವರೆಲ್ಲ ಯಾರು ಮಾರಾಯ್ತಿ? ನಂಗೆ ಬೇಕಾದವ ಆ ಉದ್ದದವ. ಒಂದೇ ಮ್ಯಾಚಲ್ಲಿ ಮೂವತ್ತೆಂಟು ಪಾಯಿಂಟ್ ಹೊಡ್ದಿದ್ದಾನೆ!"

"ಎಲ್ಲಿ ಹೊಡ್ದದ್ದು? ರಂಜಾನ್ ಟೂರ್ನಮೆಂಟಲ್ಲಿ. ಇಡೀ ದಿನ ಉಪವಾಸ ಹಿಡಿದು, ಇಫ್ತಾರಿನ ಸಮೋಸ ತಿಂದು ಬಂದ ಆಫೀಸಿನವರ ಎದುರು. ಆ ಪಾಯಿಂಟೆಲ್ಲ ನಾನು ನನ್ನ ಪುಸ್ತಕದಲ್ಲಿ ಗೀಟು ಎಳೆದು ತೆಗೆದಿದ್ದೇನೆ. ನೀವೇ ಉಪವಾಸ ಹಿಡಿಯುವವರು, ಇಷ್ಟು ಗೊತ್ತಾಗುದಿಲ್ವಾ?"

ಫಾರಿಸ್‌ನ ಮುಖ ಕೆಂಪೇರಿತು. "ನಿಮ್ಮ ಕೆಲಸ ಬರಿಯುದು. ಆರಿಸ್ಲಿಕ್ಕೆ ನಾನಿದ್ದೇನೆ. ಖಲಾಸ್!"

ವೆಲಿಟಾ ಹೊರಗೆ ಬಂದು ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ.

ವಾರ ಕಳೆದು ಅವನೇ ಕರೆದ. ಬಾಯಿ ಕಿವಿಯ ತನಕ ಹರಡಿತ್ತು. "ರೇಮಂಡ್ ಹೋಗ್ತಾನೆ, ಪೇಪರೆಲ್ಲ ಆಯ್ತು. ಅಬುಧಾಬಿಯವರು ಇನ್ನೂ ಒಂದು ಕೇಳಿದ್ರು. ನಾಲ್ಕು ಶುಕ್ರವಾರ ನಮ್ಮ ಗ್ಯಾಲರಿಯಲ್ಲಿ ಕೂತು ಬರೀತಿದ್ದ ಆ ಹೆಂಗಸನ್ನು ಕೂಡ ಕೊಡ್ತೀರಾ ಅಂತ."

"ನೀವೆಂತ ಹೇಳಿದ್ರಿ?"

"ಧರ್ಮಕ್ಕೆ ತಕೊಳ್ಳಿ ಅಂದೆ."

ಹದಿಮೂರು ವರ್ಷ ದುಡಿದವಳನ್ನು ಧರ್ಮಕ್ಕೆ! ಬೇಡವೆಂದು ಹಟ ಹಿಡಿಯಬಹುದಿತ್ತು. ಆದರೆ ಇನ್ನು ಇಲ್ಲಿ ಯಾರಿಗಾಗಿ ಕೂರಬೇಕು? ವೆಲಿಟಾ ಕಪಾಟಿನಿಂದ ತನ್ನ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡಳು.

"ಅವರು ನಾಲ್ಕು ವಾರ ದೂರದಿಂದ ನೋಡಿ ನನ್ನನ್ನು ಆರಿಸಿದ್ರು," ಎಂದಳು. "ನೀವು ಎರಡು ವರ್ಷ ನನ್ನ ಎದುರೇ ಕೂತಿದ್ರಿ ಫಾರಿಸ್. ನಾನೇ ಕಾಣದ ನಿಮಗೆ ಆಟಗಾರ ಎಲ್ಲಿಂದ ಕಾಣ್ತಾನೆ?"