ಹೊಸ ಸೀರೆ ಹಾಕಿದ ಕೌದಿ

ಶಾಲೆಯಲ್ಲಿ ನಾನು ಸಮಾನಾರ್ಥಕ ಪದ ಕಲಿಸುತ್ತೇನೆ. ನವೀಕರಣ ಎಂದರೆ ಸಾಕು, ಅಫಜಲಪುರದ ನನ್ನ ಮಕ್ಕಳು ಹೊಸದಾಗಿಸುವುದು, ಜೀರ್ಣೋದ್ಧಾರ, ಪುನಶ್ಚೇತನ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಾನು ಸರಿ ಗುರುತು ಹಾಕುತ್ತೇನೆ, ಒಳಗೊಳಗೆ ಹಲ್ಲು ಕಡಿಯುತ್ತೇನೆ. ಎಲ್ಲಿ ಒಂದೇ? ಗುಡಿಗೆ ಜೀರ್ಣೋದ್ಧಾರ. ಅತಿಥಿ ಶಿಕ್ಷಕಿಯಾದ ನನ್ನ ಕೆಲಸಕ್ಕೆ ವರ್ಷಕ್ಕೊಮ್ಮೆ ನವೀಕರಣ, ಅದೂ ಇಲಾಖೆಯವರ ಮನಸ್ಸಿಗೆ ಬಂದರೆ. ಸುಟ್ಟ ಮೋಟರಿಗೆ ರಿವೈಂಡಿಂಗ್. ಗಂಡ ಸತ್ತ ಹೆಂಗಸಿಗೆ ಉಡಿಕಿ.

ಉಡಿಕಿ ಎಂದರೆ ನಮ್ಮ ಕಡೆ ವಿಧವೆಗೆ ಮಾಡುವ ಎರಡನೆಯ ಮದುವೆ. ಬಾಜಾ ಇಲ್ಲ, ಹಂದರ ಇಲ್ಲ. ಹಿರಿಯರು ದೇವರ ಮುಂದಿಟ್ಟು ಒಪ್ಪಿದ ಹೊಸ ಸೀರೆಯೊಂದನ್ನು ಉಡಿಸಿದರೆ ಮುಗಿಯಿತು. ಸೀರೆಯೇ ಮದುವೆ.

ನನ್ನ ಗಂಡ ತೀರಿಕೊಂಡ ಮರುವರ್ಷವೇ ಅತನೂರಿನ ನಮ್ಮ ಮನೆಯಲ್ಲಿ ಆ ಮಾತು ಬಂತು. ತಂದವರು ದೊಡ್ಡಮಾವ, ಅಂದರೆ ತೀರಿಹೋದ ನನ್ನ ಮಾವನ ಅಣ್ಣ. ಪಡಸಾಲೆಯಲ್ಲಿ ಕೂತು ಅಡಿಕೆ ಅಗಿಯುತ್ತ ಹೇಳಿದರು: "ಹೊಸಾ ಬದುಕು ಶುರು ಆಗ್ತದ ಬೇ. ನಮ್ಮ ಸಣ್ಣವನ ಜೋಡಿನೇ ಉಡಿಕಿ ಮಾಡಿಬಿಡ್ತೀವಿ. ಮನಿ ಮಾತು ಮನ್ಯಾಗೇ ಉಳೀತದ."

ಸಣ್ಣವನೆಂದರೆ ನನ್ನ ಮೈದುನ. ನಾನು ಸೊಸೆಯಾಗಿ ಬಂದಾಗ ಐದನೆಯ ತರಗತಿಯಲ್ಲಿದ್ದ. ಅವನ ತಲೆ ಬಾಚಿದ್ದೇನೆ, ಬುತ್ತಿ ಕಟ್ಟಿದ್ದೇನೆ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡಿದ್ದೇನೆ. ಮೈಯೆಲ್ಲ ಉರಿದುಹೋಯಿತು ನನಗೆ.

"ನಾ ಒಲ್ಲೆ," ಎಂದೆ.

"ಒಲ್ಲೆ ಅಂದ್ರ ನೆಲೋಗಿಗಿ ನಡಿ, ನಿನ್ನ ತವರಿಗಿ. ಕೂಸು ನಮ್ಮ ಮನಿದು. ಇಲ್ಲೇ ಇರ್ತದ."

ಅಲ್ಲಿಗೆ ಬಾಗಿಲು ಹಾಕಿದಂತಾಯಿತು. ಕಾನೂನು ನನಗೂ ಗೊತ್ತು. ಆದರೆ ಕೋರ್ಟಿಗೆ ಹೋದವಳಿಗೆ ಮುಂದಿನ ಜೂನ್‌ನಲ್ಲಿ ಕೆಲಸ ಇರುತ್ತದೋ ಇಲ್ಲವೋ, ಅಲ್ಲಿಯವರೆಗೆ ಎರಡನೆಯ ತರಗತಿಯ ಮಗಳು ಯಾರ ಕೈಯಲ್ಲಿರುತ್ತಾಳೋ! ಅಣ್ಣನಿಗೆ ಫೋನ್ ಮಾಡಿದರೆ, "ಪುನರ್ಜನ್ಮ ಸಿಗಾಕತ್ತದ, ಯಾಕ ಹಟ ಮಾಡ್ತಿ?" ಎಂದ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಚಂದದ ಪದ. ಮೈದುನ ಮಾತ್ರ ಯಾವ ಪದವನ್ನೂ ಹೇಳಲಿಲ್ಲ. ಹಿತ್ತಲಲ್ಲಿ ಮುಖ ತಗ್ಗಿಸಿ ನಿಂತು, "ವೈನಿ, ದೊಡ್ಡಪ್ಪಗ ಎದುರು ಮಾತಾಡೋ ಧೈರ್ಯ ನನಗಿಲ್ರಿ," ಎಂದ. ಅಯ್ಯೋ ಪಾಪ ಅನ್ನಿಸಿತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು.

ಇಷ್ಟೆಲ್ಲ ನಡೆಯುವಾಗ ಅತ್ತೆ ಮೂಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರ, ಲಂಗಗಳ ತುಂಡುಗಳನ್ನು ಜೋಡಿಸಿ ಹೊಲಿದ ದಪ್ಪ ಹೊದಿಕೆ ಅದು. ಕೌದಿಗೆ ಹೊಸ ಬಟ್ಟೆ ಹಾಕುವಂತಿಲ್ಲ. ಮೈಗೆ ಹತ್ತಿ ಮೆತ್ತಗಾದದ್ದೇ ಬೇಕು. ಹೊಸದನ್ನು ಹಾಕಿದರೆ ಮೊದಲ ಒಗೆತಕ್ಕೇ ಅದೊಂದು ಕುಗ್ಗಿ, ಸುತ್ತಲಿನ ತುಂಡುಗಳನ್ನೆಲ್ಲ ಎಳೆದು ಮುದುಡಿಸುತ್ತದೆ. ಇದನ್ನು ನನಗೆ ಕಲಿಸಿದವಳೇ ಅತ್ತೆ. ತಪ್ಪಿ ಒಂದು ಹೊಸ ತುಂಡು ಇಟ್ಟರೆ ಕೈ ಮೇಲೆ ಹೊಡೆಯುತ್ತಿದ್ದಳು.

ದೊಡ್ಡಮಾವ ಆಳಂದದ ಬಜಾರಿನಿಂದ ಹಸಿರು ಸೀರೆ ತಂದರು. ದೇವರಕೋಣೆಯ ಜಗಲಿಯ ಮೇಲೆ ದೇವರ ಮುಂದಿಟ್ಟು, ಸೋಮವಾರ ಉಡಿಕಿ ಎಂದು ಹೇಳಿ ಹೊಲಕ್ಕೆ ಹೋದರು. ನಾನು ರೊಟ್ಟಿ ಬಡಿಯುತ್ತ ಅಳುತ್ತಿದ್ದೆ. ಪಡಸಾಲೆಯಿಂದ ಚರ್ ಎಂಬ ಸದ್ದು ಕೇಳಿ ಓಡಿ ಬಂದರೆ, ಅತ್ತೆ ಆ ಸೀರೆಯನ್ನು ಕಾಲ ಮೇಲೆ ಹಾಕಿಕೊಂಡು ಕತ್ತರಿಸುತ್ತಿದ್ದಾಳೆ!

"ಅತ್ತಿ! ಅದು ಹೊಸಾದು!"

"ಗೊತ್ತದ ಬೇ." ಕತ್ತರಿ ನಿಲ್ಲಲಿಲ್ಲ. "ನನಗೂ ಹಿಂಗೇ ಒಂದು ತಂದಿದ್ರು. ನಿನ್ನ ಗಂಡ ಆಗ ತೊಟ್ಟಿಲದಾಗ ಇದ್ದ. ಹೊಸಾ ಬದುಕು ಅಂದ್ರು. ಹೊಸಾದು ಸೀರಿ ಒಂದೇ ಇತ್ತು."

ನಾನು ಅವಳ ಪಕ್ಕ ಕೂತೆ. ನಾನು ಮಾವ ಎಂದು ಕಾಲಿಗೆ ಬಿದ್ದವರು ಅತ್ತೆಯನ್ನು ಉಡಿಕಿ ಮಾಡಿಕೊಂಡ, ಅವಳ ಮೊದಲ ಗಂಡನ ತಮ್ಮ ಎಂಬುದನ್ನು ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ. ಅತ್ತೆ ಒಂದು ತುಂಡನ್ನು ನನ್ನ ಕಡೆಗೆ ತಳ್ಳಿ, "ಕುಂತು ಅಳಬ್ಯಾಡ, ಅಂಚು ಮಡಚು," ಎಂದಳು.

ಸಂಜೆ ದೊಡ್ಡಮಾವ ಬಂದು ನೋಡಿ ಕೆಂಡವಾದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಣ್ಣು ಕಾಣಂಗಿಲ್ರಿ ಭಾವಾ. ಹಳೇದು ಅಂತ ತಿಳಿದು ಕತ್ತರಿಸಿಬಿಟ್ಟೆ." ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಮಹಾತಾಯಿ! ನನಗೆ ನಗು ತಡೆಯಲಾಗದೆ ಒಲೆಯ ಕಡೆ ತಿರುಗಿದೆ.

ಸೀರೆಯಿಲ್ಲದೆ ಉಡಿಕಿಯಿಲ್ಲ, ಆ ಸೋಮವಾರ ತಪ್ಪಿತು. ತೊಗರಿ ರಾಶಿ ಮುಗಿದು ಕೈಗೆ ದುಡ್ಡು ಬಂದ ಮೇಲೆ ಎರಡನೆಯ ಸೀರೆ ಬಂತು. ಅದೂ ಕೌದಿಗೆ ಹೋಯಿತು. ಮುದುಕಿಗೆ ತಲೆ ಕೆಟ್ಟಿದೆ ಎಂದು ದೊಡ್ಡಮಾವ ಊರೆಲ್ಲ ಹೇಳಿದರು. ಅತ್ತೆ ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಮೂರನೆಯದು ದೊಡ್ಡಮಾವನ ಟ್ರಂಕಿನಲ್ಲಿದೆ, ಬೀಗದ ಕೈ ಅವರ ಉಡದಾರದಲ್ಲಿ.

ಆ ಕೌದಿಯನ್ನು ಒಗೆದೆವು. ಹೊಸ ತುಂಡುಗಳು ಕುಗ್ಗಿ, ಕೌದಿಯೆಲ್ಲ ಗಂಟುಗಂಟಾಗಿ ಮುದುಡಿತು. ಮಗಳು "ಇದು ಚುಚ್ಚತದ" ಎಂದು ಗೊಣಗುತ್ತಲೇ ಅದರಡಿ ನನ್ನ ಪಕ್ಕ ಮಲಗುತ್ತಾಳೆ. ಸದ್ಯ ನನ್ನ ಪಕ್ಕದಲ್ಲೇ ಇದ್ದಾಳಲ್ಲ, ಸಾಕು ನನಗೆ.

ಈ ಚಳಿಗೆ ಅತ್ತೆಯ ಕೆಮ್ಮು ಹೆಚ್ಚಿದೆ. ಮೊನ್ನೆ ಜೇವರ್ಗಿಯ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು ಕೇಳಿದಳು: "ನಾ ಹೋದ ಮ್ಯಾಲ ಆ ಮನ್ಯಾಗ ಕುರುಡಿ ಯಾರಾಗ್ತಾರ ಬೇ?"

ಮರುದಿನ ಶಾಲೆಗೆ ಹೋಗುವಾಗ ಅತ್ತೆಯ ಕತ್ತರಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಸಾಣೆ ಹಿಡಿಸಿಕೊಂಡು ಬಂದೆ.