ನಿಮಗ ತಿಳದಷ್ಟು ಕೊಡ್ರಿ

ಮೊನ್ನೆ ಅವ್ವ ಒಣದ್ರಾಕ್ಷಿ ಪೆಟ್ಟಿಗೆ ಬಿಚ್ಚಿದಾಗ ಗಂಧಕದ ಘಾಟು ಮೂಗಿಗೆ ಬಡಿಯಿತು. ದ್ರಾಕ್ಷಿಗೆ ಬಂಗಾರದ ಬಣ್ಣ ಬರಲಿ ಅಂತ ಹಿಡಿಸುವ ಹೊಗೆ ಅದು. ನನಗೆ ಮಾತ್ರ ಎದುರುಮನೆ ಅಕ್ಕನ ಓಢಣಿಯ ವಾಸನೆ...

ಅಕ್ಕ ದಿನಾ ಕಾಲೇಜು ಮುಗಿಸಿ ಬಂದು ತನ್ನ ಕಾಕಾನ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ನಿಲ್ಲುತ್ತಿದ್ದಳು. ಯಾವ ಲಾರಿ ಮೊದಲು ಹೊರಡಬೇಕು, ಯಾವ ಮಾಲು ಇನ್ನಷ್ಟು ತಡೆದೀತು, ಎಲ್ಲ ಅವಳೇ ನೋಡುತ್ತಿದ್ದಳು. ಎಂಬಿಎದಲ್ಲಿ ಸಪ್ಲೈ ಚೈನ್ ತಗೊಂಡಾಗ, "ಅಕ್ಕ ಬಂಗಾರದ ಚೈನ್ ಸಪ್ಲೈ ಮಾಡತಾಳ" ಎಂದು ಓಣಿಗೆಲ್ಲ ಸಾರಿದ್ದೆ. ಆಯಿಗಳು ನಂಬಿ ರೇಟು ಕೇಳಲು ಹೋಗಿದ್ದರು.

ಅಣಕಿಸುವುದು ನನ್ನ ರೋಗ. ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಪುಣೆಯ ಕಂಪನಿಯಿಂದ ಅಕ್ಕನಿಗೆ ಸಂದರ್ಶನದ ಕರೆ ಬಂದಾಗ, ತಯಾರಿಗೆ ಸಾಹೇಬನಾದವನು ನಾನೇ. ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಖೋಲಿ ಬಾಡಿಗಿ, ಊಟ ಪಗಾರದಾಗ ನೀಗಿದ್ರ ಹೋಗವಾ. ಇಲ್ಲಂದ್ರ ಅಥಣಿ ಕಡೀ ಅನಂತಪುರದ ವರಕ್ಕ ಹೂಂ ಅಂತೇನಿ."

ಅವರ ಮನೆಯ ಕಟ್ಟೆಯ ಮೇಲೆ ಕೂತು, ಮೂಗಿನಿಂದ ಮಾತಾಡುತ್ತ ಪ್ರಶ್ನೆ ಹಾಕುತ್ತಿದ್ದೆ. ಎಲ್ಲದಕ್ಕೂ ಪಟಪಟ ಉತ್ತರ. "ಪಗಾರ್ ಎಷ್ಟು ಬೇಕು ಮೇಡಮ್?" ಅಂದರೆ ಮಾತ್ರ ತಲೆ ತಗ್ಗುತ್ತಿತ್ತು.

"ನಿಮಗ ತಿಳದಷ್ಟು ಕೊಡ್ರಿ."

"ಅಕ್ಕಾ, ನೀ ಏನ್ ಪೂಜೆ ಮಾಡ್ಸಾಕ ಬಂದ ಭಟ್ರೇನ?"

"ಬಾಯಿ ಬಿಟ್ಟು ಹ್ಯಾಂಗ ಕೇಳೂದೋ ಮಂಗ್ಯಾ? ನಾಚಿಕಿ ಬರತೈತಿ."

ನಮ್ಮ ಕಡೆ ಟೆಂಪೊದವನಿಂದ ಹಿಡಿದು ಬಾಸಿಂಗ ಕಟ್ಟುವವರತನಕ ಎಲ್ಲರದೂ ಇದೇ ಮಾತು. ಕೇಳಿಸಿಕೊಂಡವನು ನಾಚಿ ಒಂದಿಷ್ಟು ಹೆಚ್ಚೇ ಕೊಡುತ್ತಾನೆ. ಅದು ನಾಚಿಕೆ ಇರುವವರ ಲೆಕ್ಕ. ಕಂಪನಿಗೆ ಎಲ್ಲಿಯ ನಾಚಿಕೆ?

ಪುಣೆಯಿಂದ ಬಂದ ಅಕ್ಕ ಚಪ್ಪಲಿ ಕೂಡ ಬಿಚ್ಚದೆ ಕಟ್ಟೆಯ ಮೇಲೆ ಕೂತಳು. ಚಿಕ್ಕೋಡಿಯ ಕಾಲೇಜು ಅಂದದ್ದಕ್ಕೆ ಸಾಹೇಬ, ಅದೆಲ್ಲಿ ಬರುತ್ತದೆ ಅಂತ ಕೇಳಿದನಂತೆ. ದೊಡ್ಡ ಶಹರದ ಕಾಲೇಜಿನವರಿಗೆ ಶುರುವಿನ ಪಗಾರವೇ ಬೇರೆಯಂತೆ. ಕೋಲ್ಡ್ ಸ್ಟೋರೇಜಿನಲ್ಲಿ ಮಾಡಿದ ಕೆಲಸಕ್ಕೆ ಸರ್ಟಿಫಿಕೇಟ್ ಬೇಕಂತೆ. ಕಾಕಾ ಎಲ್ಲಿಂದ ತರಬೇಕು? ಸ್ಟಾಕ್ ನೋಡುವ ಸಾಫ್ಟ್‌ವೇರ್ ಉಳಿದವರೆಲ್ಲ ಕಲಿತು ಬಂದಿದ್ದರು. ಅಕ್ಕ ಅದನ್ನು ಪುಸ್ತಕದ ಚಿತ್ರದಲ್ಲಿ ಕಂಡಿದ್ದಳು.

ಇಷ್ಟಾದರೂ ಅವಳ ಉತ್ತರಗಳು ಸಾಹೇಬನಿಗೆ ಹಿಡಿಸಿದ್ದವು. ಕೊನೆಗೆ ಮರಾಠಿಯಲ್ಲೇ ಕೇಳಿದ, ಎಷ್ಟು ಬೇಕು ಅಂತ. ಅಕ್ಕ ಮರಾಠಿಯಲ್ಲೇ ಅಂದಳು: "ತುಮ್ಹೀ ದ್ಯಾಲ ತೇ." ನೀವು ಕೊಟ್ಟಷ್ಟು. ಎರಡು ಭಾಷೆ ಬಂದರೂ ತಪ್ಪು ಒಂದೇ... ಜೊತೆಗೆ ಹೋಗಿದ್ದ ನಿಪ್ಪಾಣಿಯ ಹುಡುಗ ಬಾಯಿ ಬಿಟ್ಟು ಕೇಳಿದ್ದ. ಅದೇ ಕಾಲೇಜು, ಅದೇ ಕೆಲಸ. ಅವನಿಗೆ ಹೆಚ್ಚು ಸಿಕ್ಕಿತು.

ಅಕ್ಕನಿಗೆ ಬಂದ ಪಗಾರ ಖೋಲಿಯ ಬಾಡಿಗೆಗೆ ಆಗುತ್ತಿತ್ತು, ಊಟಕ್ಕಿಲ್ಲ. ಅವಳ ಅಪ್ಪ ಬಯ್ಯಲಿಲ್ಲ. ಎದ್ದು ಅನಂತಪುರಕ್ಕೆ ಫೋನ್ ಹಚ್ಚಿದರು.

ಆಮೇಲೆ ಒಮ್ಮೆ ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ತಲೆಯ ಮೇಲೆ ಸೆರಗು. ನಗಿಸೋಣ ಅಂತ ಹಿಂದಿನಿಂದ ಹೋಗಿ ಸಾಹೇಬನ ದನಿ ತೆಗೆದೆ, "ಎಷ್ಟು ಬೇಕು ಮೇಡಮ್?"

ತಿರುಗಿ ನೋಡಿದಳು. ನಗಲಿಲ್ಲ.

"ಈಗ ಯಾರೂ ಕೇಳಂಗಿಲ್ಲ ಬಿಡೋ."

ಬಸ್ಸು ಬಂತು. ಹತ್ತಿ ಹೋದಳು...

ಇವತ್ತು ನನ್ನ ಸರದಿ ಇತ್ತು. ಅದೇ ಓದು, ಅದೇ ಚಿಕ್ಕೋಡಿ. ಫೋನಿನ ಪರದೆಯೊಳಗಿಂದ ಒಬ್ಬ ಸಾಹೇಬ ಕೇಳಿದ, ಎಷ್ಟು ನಿರೀಕ್ಷೆ ಅಂತ. ಉತ್ತರವನ್ನು ಕನ್ನಡಿ ಮುಂದೆ ಉರು ಹೊಡೆದಿದ್ದೆ, ಗಟ್ಟಿ ಗಂಡುದನಿಯಲ್ಲಿ. ಬಾಯಿ ತೆರೆದೆ. ಬಂದದ್ದು ಅಕ್ಕನ ದನಿ, ಅಕ್ಕನದೇ ಮಾತು. ತಲೆಯೂ ಅವಳ ಹಾಗೇ ತಗ್ಗಿತು. ಸಾಹೇಬ ಖುಷಿಯಿಂದ ಬರೆದುಕೊಂಡ.

ಇಷ್ಟು ಚಂದ ಅಣಕು ನಾನು ಎಂದೂ ಮಾಡಿರಲಿಲ್ಲ. ಎದುರುಮನೆಯ ಕಟ್ಟೆ ಖಾಲಿ ಇತ್ತು, 'ಮಂಗ್ಯಾ' ಅನ್ನಲು ಯಾರೂ ಇರಲಿಲ್ಲ.