ಕಾಡಿಗೆ ಹೋಗುವ ಗಾಡಿಗೆ ಗಾಳಿ ಕಮ್ಮಿ

ಗುಂಡ್ಲುಪೇಟೆಯಲ್ಲಿ ನನ್ನ ಮೊದಲ ಗಿರಾಕಿ ಗಾಳಿ ಹಾಕಿಸಲು ಬಂದವನಲ್ಲ, ತೆಗೆಸಲು ಬಂದವನು. ಜೀಪು ನಿಲ್ಲಿಸಿ, "ನಾಕ್ ಚಕ್ರದಲ್ಲೂ ವಸಿ ಗಾಳಿ ಬುಡಕ್ಕ, ಮದ್ದೂರು ಕಾಡ್ ಕಡೆ ಓಯ್ತಾ ಇವ್ನಿ" ಅಂದ. ಇವನಿಗೆ ತಲೆ ಸರಿ ಇದೆಯೋ ಇಲ್ಲವೋ ಎಂದು ಮುಖ ನೋಡಿದೆ. ಗದಗಿನಲ್ಲಿ ಅಪ್ಪನ ಟಯರ್ ಅಂಗಡಿಯಲ್ಲಿ ಹದಿನೈದು ವರ್ಷ ಕೈ ಕಪ್ಪು ಮಾಡಿಕೊಂಡವಳು ನಾನು. ಅಲ್ಲಿ ಗಾಳಿ ಕಡಿಮೆಯಿದ್ದ ಗಾಡಿಯನ್ನು ಹೊರಗೆ ಬಿಟ್ಟರೆ ಅಪ್ಪ ಎರಡು ದಿನ ಮಾತಾಡುತ್ತಿರಲಿಲ್ಲ.

ನನ್ನ ಯಜಮಾನರಿಗೆ ಇಲ್ಲಿಗೆ ವರ್ಗವಾಗಿ ಮೂರು ವರ್ಷವಾಯಿತು. ಮನೆಯಲ್ಲಿ ಕೂತರೆ ಹುಚ್ಚು ಹಿಡಿದೀತೆಂದು ನಾನೇ ಅನ್ಸರ್ ಭಾಯ್ ಅವರ ಟಯರ್ ಅಂಗಡಿಗೆ ಹೋಗಿ ಕೆಲಸ ಕೇಳಿದೆ. ಅರವತ್ತು ದಾಟಿದ ಮನುಷ್ಯ, ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಕೇರಳದ ಲಾರಿಯವರು ಬಂದರೆ ಮಲಯಾಳ. ಒಂದು ಟಯರು ಬಿಚ್ಚಿ ತೋರಿಸೆಂದರು, ಬಿಚ್ಚಿದೆ. "ಕಲ್ ಸೆ, ನಾಳೆಯಿಂದ್ಲೇ ಬಂದ್ಬುಡಮ್ಮ" ಅಂದರು. ಅಷ್ಟೇ ಸಂದರ್ಶನ.

ಊರು ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ನಾನು "ಹೌದ್ರಿ" ಅಂದರೆ ಅಂಗಡಿ ಮುಂದಿನವರೆಲ್ಲ ನಗುತ್ತಿದ್ದರು. ಬಾಡಿಗೆಗೆ ಮನೆ ಕೊಟ್ಟ ಅಜ್ಜಿ ರಾಗಿಮುದ್ದೆ ಬಡಿಸಿ, "ಅಗೀಬ್ಯಾಡ ಕಣವ್ವ, ನುಂಗು" ಎಂದು ಎದುರೇ ಕೂತು ಕಾಯುತ್ತಿದ್ದಳು. ಖಡಕ್ ರೊಟ್ಟಿ ಕಡಿದು ಬೆಳೆದವಳಿಗೆ ಅಗಿಯದೆ ನುಂಗುವುದೆಂದರೆ! ಮೊದಲ ಆರು ತಿಂಗಳು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಗಾಳಿಯ ವಿಷಯವನ್ನೂ ಕಲಿತೆ. ವಯನಾಡಿನ ದಾರಿಯಲ್ಲಿರುವ ಈ ಮದ್ದೂರಿನ ಆಚೆ, ಕಾಡಂಚಿನ ಬುಡಕಟ್ಟಿನವರ ಹಾಡಿಗಳಿಗೆ ಹೋಗುವ ದಾರಿಯೆಲ್ಲ ಕಲ್ಲು. ಗಾಳಿ ಇಳಿಸಿದರೆ ಟಯರು ಕಲ್ಲನ್ನು ಹಿಡಿದುಕೊಂಡು ಹೋಗುತ್ತದೆ, ಸೊಂಟವೂ ಉಳಿಯುತ್ತದೆ. ವರ್ಷ ಕಳೆಯುವಷ್ಟರಲ್ಲಿ "ಕಾಡ್ಗೆ" ಅಂದ ಕೂಡಲೇ ನನ್ನ ಹೆಬ್ಬೆರಳು ತಾನೇ ವಾಲ್ವ್ ಒತ್ತುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಚೆಂಡು ಹೂವಿನ ಬಣ್ಣದ ಸ್ಪೋರ್ಟ್ಸ್ ಕಾರೊಂದು ಅಂಗಡಿ ಮುಂದೆ ನಿಂತಿತು. ಎರಡೇ ಸೀಟು, ನೆಲಕ್ಕೂ ಅದಕ್ಕೂ ಒಂದು ಗೇಣು. ಇಳಿದವನು ಚಾಮರಾಜನಗರದ ಹತ್ತಿರದ ಹರದನಹಳ್ಳಿಯ ಮಾದೇಶ, ಬೆಂಗಳೂರಿನ ಶ್ರೀಮಂತರೊಬ್ಬರ ಡ್ರೈವರ್. ಅವನ ಯಜಮಾನರು ವಯನಾಡಿನಲ್ಲಿದ್ದರು; "ಕಾಡ್ ದಾಟಿ ಸಂಜೆಯೊಳ್ಗೆ ಅಲ್ಲಿರ್ಬೇಕು ಕಣಕ್ಕ" ಅಂದ. ಹಿಂದಿನ ಎಡ ಟಯರಿನ ಪಕ್ಕೆ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಬೆರಳಿಟ್ಟು ನೋಡಿ, ಇದು ಹತ್ತು ಮೈಲಿಯಲ್ಲಿ ಒಡೆಯುತ್ತದೆ ಅಂದೆ.

ಅವನು ಅಲ್ಲೇ ಕುಕ್ಕರಿಸಿಬಿಟ್ಟ. "ಹಿಂದ್ಕೂ ಒಂದು ರೋಡ್ ಹಂಪಲ್ಲಿ ಟಯರು ಒಡೆದಾಕಿದ್ದೆ ಕಣಕ್ಕ. ಇನ್ನೊಂದ್ ಸಲ ಆದ್ರೆ ಕೀ ಮಡಗ್ಬುಟ್ಟು ಓಗು ಅಂದವ್ರೆ. ಮನೇಲಿ ಎರಡು ಹೈಕ್ಳು ಸ್ಕೂಲ್ನಲ್ಲಿ ಓದ್ತಾವೆ."

ಅನ್ಸರ್ ಭಾಯ್ ಒಳಗಿನಿಂದ ಒಂದು ಜೀಪಿನ ಟಯರು ಉರುಳಿಸಿಕೊಂಡು ಬಂದರು. ರಿಮ್ಮಿಗೆ ಕೂರುತ್ತಿತ್ತು, ನಿಜ. "ಇವತ್ತೊಂದಿನ ಹೋಗ್ಲಿ ಬುಡು."

"ಆಗಂಗಿಲ್ರಿ ಭಾಯ್," ಅಂದೆ. ಈ ಕಾರಿನ ಹಿಂದಿನ ಟಯರು ಮುಂದಿನದಕ್ಕಿಂತ ಅಗಲ. ಪಕ್ಕೆ ಮೂರೇ ಬೆರಳು ಎತ್ತರ. ಅದರ ಮೇಲೆ ಬರೆದ ವೇಗದ ಅಕ್ಷರವೂ ಭಾರದ ಅಂಕಿಯೂ ಹೊಂದಬೇಕು. ಎಡಕ್ಕೊಂದು ಬಲಕ್ಕೊಂದು ಜಾತಿ ಹಾಕಿದರೆ ತಿರುವಿನಲ್ಲಿ ಕಾರು ಹಿಂದಿನಿಂದ ಜಾರುತ್ತದೆ. ಹಾಕಿದರೆ ಹಿಂದಿನ ಎರಡೂ ಒಂದೇ ಜೋಡಿ. ಭಾಯ್ ಮುಖ ಗಂಟಿಕ್ಕಿದರು, ಮಾದೇಶ ಗೋಗರೆದ. ನಾನು ಚಕ್ರ ಬಿಚ್ಚುವ ಪಾನ ಕೆಳಗಿಟ್ಟು ಕೈ ಕಟ್ಟಿ ನಿಂತೆ. ಕಡೆಗೆ ಮೈಸೂರಿಗೆ ಫೋನು ಹೋಯಿತು. ಇಲ್ಲಿ ಕೊರಿಯರ್ ಎಂದರೆ ಬಸ್ಸಿನ ಕಂಡಕ್ಟರು; ಮಧ್ಯಾಹ್ನದ ಹೊತ್ತಿಗೆ ಎರಡು ಟಯರೂ ಡ್ರೈವರ್ ಸೀಟಿನ ಹಿಂದೆ ಕೂತು ಬಂದಿಳಿದವು.

ಚಕ್ರ ತಿರುಗುವ ದಿಕ್ಕಿನ ಬಾಣದ ಗುರುತು ನೋಡಿ ಕೂರಿಸಿದೆ, ಬ್ಯಾಲೆನ್ಸ್ ಮಾಡಿದೆ. ಗೆದ್ದ ಜಂಬದಲ್ಲಿದ್ದೆ. ಹೊರಡುವಾಗ ಮಾದೇಶ, "ಅಕ್ಕಾ, ಟಯರ್ ಗಾಳಿ ಲೈಟು ಉರೀತಾ ಅದೆ" ಅಂದ. "ಹೊಸಾವು, ಸ್ವಲ್ಪ ಓಡಿದ ಮ್ಯಾಲ ಆರತದ, ಹೋಗು" ಅಂದೆ.

ಮುಕ್ಕಾಲು ಗಂಟೆಯಲ್ಲಿ ಮದ್ದೂರು ಚೆಕ್‌ಪೋಸ್ಟಿನಿಂದ ಅರಣ್ಯ ಇಲಾಖೆಯ ಗಾರ್ಡ್‌ನ ಫೋನು. ಹಳದಿ ಕಾರು ಕಾಡಿನೊಳಗೆ ಒಂದು ಮೈಲಿ ಹೋಗಿ ಕೂತಿದೆ. "ಬಿರ್ರನೆ ಬನ್ನಿ. ಮರಿ ಜೊತೆ ಆನೆ ಅದೆ ಆ ಕಡೆ."

ಭಾಯ್ ವ್ಯಾನು ಓಡಿಸಿದರು. ಹಂಪು ಇಳಿದಲ್ಲೊಂದು ಗುಂಡಿ, ಅದರಾಚೆ ಕಾರು. ಎಡಗಡೆಯ ಹೊಸ ಟಯರಿನ ಪಕ್ಕೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಎರಡು ಕಡೆ ಕತ್ತರಿಸಿಹೋಗಿತ್ತು. ಇಂಥ ಕಾರಿನಲ್ಲಿ ಸ್ಟೆಪ್ನಿ ಇರುವುದಿಲ್ಲ, ಒಂದು ಅಂಟಿನ ಬಾಟಲಿ ಇರುತ್ತದೆ. ಪಕ್ಕೆ ಹರಿದರೆ ಅದು ದಂಡ. ಬಲಗಡೆಯ ಹೊಸದಕ್ಕೆ ಮೀಟರ್ ಹಚ್ಚಿದೆ. ಮೂವತ್ತಾರು ಇರಬೇಕಾದಲ್ಲಿ ಇಪ್ಪತ್ತಾರು. ಮತ್ತೊಮ್ಮೆ ಹಚ್ಚಿದೆ, ಅದೇ ಇಪ್ಪತ್ತಾರು.

ಅಂಗಡಿಯಲ್ಲಿ ಬಿಚ್ಚಿಟ್ಟ ಹಳೆಯ ಟಯರುಗಳಲ್ಲಿ ಬಲಗಡೆಯದು ಚೆನ್ನಾಗಿತ್ತು, ಜಾತಿಯೂ ಅದೇ. ಬಾಣ ಉಲ್ಟಾ ಆದರೂ ನಿಧಾನಕ್ಕೆ ಹೋದರೆ ವಯನಾಡು ಮುಟ್ಟುತ್ತದೆ. ಚಕ್ರ ಬಿಚ್ಚಿಕೊಂಡು ಭಾಯ್ ಅಂಗಡಿಗೆ ವಾಪಸು ಹೊರಟರು. ನಾನು ಬರುವುದಿಲ್ಲ ಅಂದೆ. ಕಾರು ಜಾಕಿಯ ಮೇಲೆ ಮೂರು ಕಾಲಲ್ಲಿ ನಿಂತಿತ್ತು. ನಾನು, ಮಾದೇಶ, ಗಾರ್ಡು ಸ್ವಲ್ಪ ದೂರದಲ್ಲಿ ಇಲಾಖೆಯ ಜೀಪು ಹತ್ತಿ ಕೂತೆವು.

ಆನೆ ಬಂತು. ಮೊದಲು ಲಂಟಾನ ಪೊದೆ ಅಲ್ಲಾಡಿತು, ಆಮೇಲೆ ತಾಯಿ, ಅದರ ಹೊಟ್ಟೆಯ ಕೆಳಗೆ ಮರಿ. ರಸ್ತೆಗೆ ಬಂದು ಕಾರಿಗೆ ಹತ್ತು ಹೆಜ್ಜೆಯಲ್ಲಿ ನಿಂತು ಸೊಂಡಿಲು ಚಾಚಿತು. ಒಂದು ಸಲ ಒರಗಿದರೂ ಸಾಕಿತ್ತು, ಜಾಕಿ ಮಗುಚಿ ಎಲ್ಲ ಮುಗಿಯುತ್ತಿತ್ತು. ಗಾರ್ಡು ಉಸಿರಿನಲ್ಲೇ, "ಅಲ್ಲಾಡ್ಬ್ಯಾಡಿ" ಅಂದ.

"ನನ್ ಕೆಲ್ಸ ಓಯ್ತು ಕಣಕ್ಕ," ಮಾದೇಶ ಪಿಸುಗುಟ್ಟಿದ. "ನಾನು ಕಾರ್ನ ಮೆಲ್ಲುಕೇ ಇಳಿಸ್ದೆ. ಯಾರ್ ನಂಬ್ತಾರೆ?"

"ನಾ ನಂಬ್ತೀನಿ. ಗಾಳಿ ಕಮ್ಮಿ ಇಟ್ಟಾಕಿ ನಾನು," ಅಂದೆ. "ಕಾಡು ಅಂದಿ ನೋಡು, ಜೀಪಿಗೆ ಬಿಟ್ಟಂಗ ಬಿಟ್ಟೆ. ಈ ಗಿಡ್ಡ ಪಕ್ಕಿ ಅದನ್ನ ತಡೀಲಿಲ್ಲ."

ಬೈಯಲಿ ಎಂದು ಕಾದೆ. "ಕಾಡ್ಗೆ ಅಂದ್ರೆ ಎಲ್ರೂ ಬುಡದೇ ಅಲ್ವಾ," ಅಂದ. "ನಾನಿದ್ರೂ ಬುಡ್ತಿದ್ದೆ."

ಮರಿ ರಸ್ತೆ ದಾಟಿತು, ತಾಯಿಯೂ ದಾಟಿತು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಭಾಯ್ ಬಂದರು, ಚಕ್ರ ಹಾಕಿದೆ, ಎಲ್ಲ ಚಕ್ರಕ್ಕೂ ಸರಿಯಾಗಿ ಗಾಳಿ ತುಂಬಿದೆ, ಎರಡೆರಡು ಸಲ ಮೀಟರ್ ನೋಡಿದೆ. ಚೆಕ್‌ಪೋಸ್ಟಿಗೆ ವಾಪಸು ಬಂದು ಮಾದೇಶನ ಯಜಮಾನರಿಗೆ ನಾನೇ ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ಲೈಟಿನ ಮಾತು ಕೇಳದಿದ್ದುದನ್ನೂ ಹೇಳಿದೆ.

ಅವರು ಕೇಳಿದರು: "ನಿಮ್ಮ ಮಾತು ಆ ಕಡೆಯವರ ಥರ ಇಲ್ವಲ್ಲ?"

"ಗದಗ್ ರೀ."

"ಅದಕ್ಕೇ. ಅಲ್ಲಿನ ಜನರ ಜೊತೆ ಸೇರಿ ಕಲಿತ ಕೆಲಸ ಮರೆತಿದ್ದೀರಿ. ಅವರಿಗೇನು ಗೊತ್ತು?"

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು, ಹೂಂ ಅಂದಿದ್ದರೆ ಸಾಕಿತ್ತು. ಆದರೆ ಮೈಯೆಲ್ಲ ಉರಿಯಿತು. "ಅವರಿಗೆ ಅವರ ಕಾಡು ಗೊತ್ತದ ರೀ. ಅವರ ಜೀಪಿಗೆ ಅದು ಸರೀನೇ ಅದ. ನಿಮ್ಮ ಕಾರಿಗೆ ತಪ್ಪಿದಾಕಿ ನಾನು. ನಾನೂ ಇದೇ ಊರಾಕಿ."

ಭಾಯ್ ವ್ಯಾನಿನ ಬಾಗಿಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಫೋನಿನಲ್ಲಿ, "ಸರಿ, ಮಾದೇಶ ನಿಧಾನವಾಗಿ ಬರಲಿ" ಎಂಬ ಮಾತು ಬಂತು.

ಮಾದೇಶ ಈಗಲೂ ಅದೇ ಕಾರು ಓಡಿಸುತ್ತಾನೆ, ಅಂಗಡಿ ಮುಂದೆ ಹಾದರೆ ಹಾರ್ನ್ ಹೊಡೆಯುತ್ತಾನೆ.

ದೀಪಾವಳಿಗೆ ಗದಗಿಗೆ ಹೋಗಿದ್ದೆ. ಅಪ್ಪನ ಅಂಗಡಿಗೆ ಪರಿಚಯದವರ ಜೀಪು ಬಂತು, ದಾಂಡೇಲಿ ಕಾಡಿಗೆ ಹೊರಟಿದ್ದೇವೆ ಅಂದರು. ನಾನು ಆಗಲೇ ಚಕ್ರದ ಪಕ್ಕ ಕೂತು ವಾಲ್ವ್ ಒತ್ತುತ್ತಿದ್ದೆ. ಅಪ್ಪ ಬಂದು ನನ್ನ ಕೈ ಹಿಡಿದರು.

"ಏನ್ ಮಾಡಾಕತ್ತೀಯವ್ವ? ನಮ್ಮಲ್ಲಿ ಹಿಂಗ ಮಾಡಂಗಿಲ್ಲ."

"ನಮ್ಮಲ್ಲಿ ಮಾಡ್ತಾರ, ಅಪ್ಪಾ," ಅಂದೆ. ಅಪ್ಪ ಕೈ ಬಿಟ್ಟರು.